ಛತ್ತಿಗೆ ಹಾಕದ ಫರ್ಸಿ

ಯಾರ ಮನೆಗೆ ಹೋದರೂ ಅಕ್ಕ ಬಂದ ಕೂಡಲೇ ಕೂಡುತ್ತಿರಲಿಲ್ಲ. ಬಗ್ಗಿ, ನಡುಬೆರಳಿನ ಗೆಣ್ಣಿನಿಂದ ನೆಲದ ಕಲ್ಲನ್ನು ಎರಡು ಸಲ ಬಾರಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಗೋಡೆಗೆ ಒರಗಿ ಕೂಡುತ್ತಿದ್ದಳು. ಪರ ಊರಿನವರಿಗೆ ಇದು ವಿಚಿತ್ರ ಕಾಣಿಸುತ್ತಿತ್ತು. ಶಹಾಬಾದಿನವರಿಗೆ ಇಲ್ಲ. ನಮ್ಮಲ್ಲಿ ನೆಲ, ಗೋಡೆ, ತಲೆಯ ಮೇಲಿನ ಛತ್ತು, ಗೋರಿ ಎಲ್ಲವೂ ಫರ್ಸಿ ಎಂಬ ಹಾಸುಗಲ್ಲಿನವೇ. ಖಣಿಯಲ್ಲಿ ದುಡಿದವರಿಗೆಲ್ಲ ಹೀಗೆ ಬಾರಿಸಿ ನೋಡುವ ಚಟ ಇರುತ್ತದೆ. ಗಟ್ಟಿ ಫರ್ಸಿ ಗಂಟೆಯ ಹಾಗೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ, ಮೇಲೆ ಎಷ್ಟೇ ನುಣುಪಾಗಿರಲಿ, ಒಡೆದ ಗಡಿಗೆಯ ಹಾಗೆ ಬದ್ದ್ ಎನ್ನುತ್ತದೆ.

ಅಕ್ಕ ಮನುಷ್ಯರನ್ನೂ ಹಾಗೆಯೇ ಬಾರಿಸಿ ನೋಡುತ್ತಾಳೆ ಎಂದು ಓಣಿಯವರು ನಗುತ್ತಿದ್ದರು. ಬಾರಿಸದೆ ನಂಬಿದ್ದು ನನ್ನೊಬ್ಬನನ್ನು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಕಾಗದದಲ್ಲಿ ಅವಳ ಹೆಸರು ಬರೆದಿದ್ದೆ. ಅದರಿಂದ ಅವಳಿಗೆ ಆದದ್ದು ಸಾಕು.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹದಿಮೂರು. ಅಪ್ಪ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ, ಅಕ್ಕ ತಲೆಯ ಮೇಲೆ ಸಿಂಬಿ ಇಟ್ಟು ಆ ಕಲ್ಲು ಹೊರುತ್ತಿದ್ದಳು. ಮುಂಜಾನೆ ಖಣಿಗೆ ಹೋಗುವ ದಾರಿಯಲ್ಲಿ ನನ್ನ ಕಿವಿ ಹಿಡಿದು ಸಾಲೆಯ ಬಾಗಿಲ ತನಕ ಬಿಟ್ಟು ಹೋಗುತ್ತಿದ್ದಳು. "ಮನ್ಯಾಗ ಒಬ್ಬಂವಗರೆ ಅಕ್ಷರ ಬರಬೇಕು. ಇಲ್ಲಂದ್ರ ಮಂದಿ ಏನು ಬರ್ದು ಓದಿದರೂ ಹೂಂ ಅನ್ನಬೇಕಾಗ್ತದ" ಎನ್ನುತ್ತಿದ್ದಳು.

ಆ ನಾಲ್ಕು ಇಯತ್ತೆಯ ಅಕ್ಷರ ನನಗೆ ಅನ್ನ ಹಾಕಿತು. ಫರ್ಸಿಯ ಮೇಲೆ ಹೆಸರು ಕೆತ್ತುವ ಕೆಲಸ ಕಲಿತೆ. ಮನೆಯ ಬಾಗಿಲಿಗೆ ಹಾಕುವ ಕಲ್ಲು, ಗೋರಿಯ ಕಲ್ಲು. ಫರ್ಸಿ ಪದರ ಪದರವಾಗಿ ಇರುತ್ತದೆ. ಉಳಿ ಒಂದು ಕೂದಲಿನಷ್ಟು ಹೆಚ್ಚು ಇಳಿದರೆ ಮೇಲಿನ ಪದರವೇ ಎದ್ದು ಬಂದು ಇಡೀ ಸಾಲು ಹೋಗುತ್ತದೆ. ನನ್ನ ಕೈಯಲ್ಲಿ ಹಾಗೆ ಆದದ್ದು ಕಡಿಮೆ. ವಾಡಿಯಿಂದ, ಚಿತ್ತಾಪುರದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಅಕ್ಕ ಒಂದಕ್ಷರ ಬಾರದವಳು. ನಾನು ಕೆತ್ತಿದ್ದರ ಮೇಲೆ ಬೆರಳಾಡಿಸಿ, "ಮುತ್ತಿನಂಗ ಅವ ನೋಡು" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಅಕ್ಕನ ಲಗ್ನ, ನನ್ನ ಲಗ್ನ ಒಂದೇ ಹಂದರದಲ್ಲಿ ಆದವು. ಸಾಟಿ ಲಗ್ನ. ಚಿಂಚೋಳಿ ಕಡೆಯ ಒಂದು ಮನೆಗೆ ಅಕ್ಕನನ್ನು ಕೊಟ್ಟು, ಆ ಮನೆಯ ಹುಡುಗಿಯನ್ನು ನನಗೆ ತಂದುಕೊಂಡೆವು. ಇಂಥ ಲಗ್ನಕ್ಕೆ ಒಂದು ಬರೆಯದ ಕಟ್ಟಳೆ ಇದೆ. ಅಲ್ಲಿಂದ ಒಬ್ಬಳು ತಿರುಗಿ ಬಂದರೆ ಇಲ್ಲಿಂದ ಒಬ್ಬಳು ತಿರುಗಿ ಹೋಗಬೇಕು. ನಮ್ಮ ಮನೆತನ ಕ್ರೈಸ್ತರಾಗಿ ಮೂರು ತಲೆಮಾರು ಆಗಿತ್ತು. ದೇವರನ್ನು ಬದಲಿಸಿದ್ದೆವು, ಕಟ್ಟಳೆ ಬದಲಿಸಿರಲಿಲ್ಲ.

ನಾಲ್ಕು ವರ್ಷವಾದರೂ ಅಕ್ಕನಿಗೆ ಮಕ್ಕಳಾಗಲಿಲ್ಲ. ಒಂದು ದಿನ ಗಂಡ ಅವಳ ತಗಡಿನ ಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟ. ಅವಳು ಅದನ್ನು ಹೊತ್ತು ಸೇಡಂನಲ್ಲಿ ಒಂದು ಬಸ್ಸು, ಚಿತ್ತಾಪುರದಲ್ಲಿ ಇನ್ನೊಂದು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದಳು. ಬಾಗಿಲಲ್ಲಿ ನಿಂತು, "ನಾಕು ದಿನ ಸಿಟ್ಟು. ಇಳೀತದ. ಕರೀಲಿಕ್ಕಿ ಬರ್ತಾರ" ಎಂದಳು.

ಕರೆಯಲು ಬರಲಿಲ್ಲ. ತಿಂಗಳೊಳಗೆ ನನ್ನ ಮಾವ ಬಂದರು. ನನ್ನ ಹೆಂಡತಿಯ ತಂದೆ, ಅಕ್ಕನಿಗೂ ಮಾವ. ಅಕ್ಕ ಖಣಿಗೆ ಹೋಗಿದ್ದಳು, ಅಪ್ಪ ಆಗಲೇ ತೀರಿಕೊಂಡಿದ್ದ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು ಹೇಳಿದರು:

"ಅಳಿಯಂದ್ರ, ಎರಡು ದಾರಿ ಅವ. ನಿಮ್ಮಕ್ಕ ತಾನಾಗೇ ಗಂಡನ್ನ ಬಿಟ್ಟು ಬಂದಾಳಂತ ಸಭೆ ಹಿರೇರಿಗಿ ಬರ್ದು ಕೊಡ್ರಿ. ನನ್ನ ಮಗಳು ನಿಮ್ಮ ಮನ್ಯಾಗ ಸುಖವಾಗಿರ್ತಾಳ. ಇಲ್ಲಂದ್ರ ಇವತ್ತಿನ ಬಸ್ಸಿಗೇ ಆಕೀನ್ನ ಕರ್ಕೊಂಡು ಹೋಗ್ತೀನಿ. ಕೂಸೂ ಬರ್ತದ."

"ಸುಳ್ಳು ಹ್ಯಾಂಗ ಬರೀಲ್ರಿ ಮಾವಾ?"

"ನೀವೇನು ಸಾಕ್ಷಿಗಿ ನಿಲ್ಲೂದಿಲ್ಲಲ್ಲ. ಹೆಬ್ಬಟ್ಟು ಆಕೀದು."

ಒಳಗೆ ನನ್ನ ಹೆಂಡತಿ ಮಗಳಿಗೆ ಹಾಲು ಕುಡಿಸುತ್ತಿದ್ದಳು. ಅವಳು ಏನಾದರೂ ಅನ್ನುವ ಮೊದಲೇ ನಾನು ಕಾಗದ ಹುಡುಕಿದೆ. ಇದನ್ನು ಈಗ ಸರಿಯಾಗಿ ಹೇಳಬೇಕು, ಏಕೆಂದರೆ ಬಹಳ ವರ್ಷ ನಾನು ನನಗೇ ಬೇರೆ ರೀತಿ ಹೇಳಿಕೊಂಡಿದ್ದೆ.

ಸಂಜೆ ಅಕ್ಕ ಬಂದಳು. ಕಾಗದದಲ್ಲಿ ಇದ್ದದ್ದು ಹೀಗೆ: ನಾನು ನನ್ನ ಮನಸ್ಸಿನಿಂದಲೇ ಗಂಡನ ಮನೆ ಬಿಟ್ಟು ಬಂದಿದ್ದೇನೆ, ಮರಳಿ ಹೋಗುವ ಇಚ್ಛೆ ಇಲ್ಲ, ಅವರು ಬೇರೆ ಸಂಸಾರ ಮಾಡಿಕೊಂಡರೆ ನನ್ನ ತಕರಾರಿಲ್ಲ. ನಾನು ಓದಿ ಹೇಳಿದ್ದು ಹೀಗೆ: ನನ್ನ ತಪ್ಪಿದ್ದರೆ ಕ್ಷಮಿಸಿ ನನ್ನನ್ನು ಮರಳಿ ಕರೆದುಕೊಳ್ಳಲು ಹಿರಿಯರು ಗಂಡನಿಗೆ ಬುದ್ಧಿ ಹೇಳಬೇಕು.

"ಭಾಳ ಚಲೋ ಬರ್ದಿ ತಮ್ಮಾ. ಓದಿಸಿದ್ದು ಸಾರ್ಥಕ ಆಯ್ತು" ಎಂದು ಅಕ್ಕ ಹೆಬ್ಬೆಟ್ಟು ಒತ್ತಿದಳು. ಆ ಹೆಬ್ಬೆರಳಿನ ನಡುವೆ ಫರ್ಸಿಯ ಅಂಚು ಕೊಯ್ದ ಅಡ್ಡ ಗಾಯದ ಗುರುತು ಇತ್ತು. ಮಸಿಯಲ್ಲಿ ಅದು ಬಿಳಿ ಗೆರೆಯಾಗಿ ಮೂಡಿತು.

ಸಭೆಯ ಹಿರಿಯರು ಆ ಕಾಗದವನ್ನು ರಿಜಿಸ್ಟರಿನಲ್ಲಿ ಅಂಟಿಸಿದರು. ಗಂಡನನ್ನು ತೊರೆದವಳು ಕರ್ತನ ಭೋಜನಕ್ಕೆ, ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರಕ್ಕೆ, ಬರಕೂಡದು ಎಂದು ತೀರ್ಮಾನ ಮಾಡಿದರು. ಅಕ್ಕನಿಗೆ ಹೇಳಿದ್ದು ಇಷ್ಟೇ: "ನಿನಗಿ ಸಂಸ್ಕಾರ ಇಲ್ಲವಾ, ಕಮಿಟಿ ನಿರ್ಣಯ ಆಗ್ಯದ." ತಾನು ಬೇಡಿಕೊಂಡದ್ದಕ್ಕೆ ಹಿರಿಯರು ಕೊಟ್ಟ ಉತ್ತರ ಇದು ಎಂದು ಅವಳು ತಿಳಿದಳು. ಗಂಡ ಬೇರೊಬ್ಬಳನ್ನು ತಂದುಕೊಂಡ. ನನ್ನ ಹೆಂಡತಿ ನನ್ನ ಮನೆಯಲ್ಲೇ ಉಳಿದಳು. ಅವಳು ಅಕ್ಕನನ್ನು ಕೊನೆಯ ತನಕ ವೈನಿ ಎಂದೇ ಕರೆದಳು. ಅಣ್ಣನ ಹೆಂಡತಿ. ಆ ಲಗ್ನದಿಂದ ಉಳಿದದ್ದು ಆ ಒಂದು ಶಬ್ದ.

ನಮ್ಮ ಸಭೆಯ ಗುಡಿಯ ಹಿಂದಿನ ಓಣಿಯಲ್ಲಿ ಅಕ್ಕ ಒಂದು ಖೋಲಿ ಹಿಡಿದಳು. ಮೊದಲ ಕೆಲವು ವಾರ ಆರಾಧನೆಗೆ ಹೋಗಲಿಲ್ಲ. ಆಮೇಲೆ ಒಂದು ಐತವಾರ ಎಲ್ಲರಿಗಿಂತ ಮೊದಲು ಹೋಗಿ ಕಸ ಗುಡಿಸಿ ಜಮಖಾನೆ ಹಾಸಿದಳು. ಅಂದಿನಿಂದ ಅದು ಅವಳ ಕೆಲಸವಾಯಿತು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಪಕ್ಕದ ಖೋಲಿಯ ಮುದುಕಿ ಒಮ್ಮೆ ಕೇಳಿದಳು: "ಊಟಕ್ಕ ಕರಿಯಲಾರದ ಮನೀಗಿ ಕಸ ಹೊಡೀಲಿಕ್ಕಿ ಹೋಗ್ತಿಯಲ್ಲ, ನಾಚಿಕಿ ಇಲ್ಲೇನು ನಿನಗ?"

ಅಕ್ಕ ನಕ್ಕಳು. "ಕಮಿಟಿಯವ್ರ ಮನೀಗಿ ಹೋಗಂಗಿಲ್ಲ ಯವ್ವಾ ನಾ. ಅವರೂ ಅಲ್ಲಿ ಬಂದು ಹೋಗೋ ಮಂದೀನೇ. ಮನಿ ಯಜಮಾನ ಬ್ಯಾರೆ ಇದ್ದಾನ. ಅಂವ ನನಗ ಹೋಗು ಅಂದಿಲ್ಲ."

ತಿಂಗಳ ಮೊದಲ ಐತವಾರ ಕರ್ತನ ಭೋಜನ. ರೊಟ್ಟಿಯ ತಟ್ಟೆಯ ಮೇಲಿನ ಬಿಳಿ ಬಟ್ಟೆ ತೆಗೆಯುವ ಹೊತ್ತಿಗೆ ಅಕ್ಕ ಎದ್ದು ಹೊರಗೆ ಹೋಗುತ್ತಿದ್ದಳು. ಬಾಗಿಲಲ್ಲಿ ಚದುರಿದ ಚಪ್ಪಲಿಗಳನ್ನು ಕುಕ್ಕರಗಾಲಲ್ಲಿ ಕೂತು ಜೋಡಿ ಜೋಡಿ ಮಾಡಿ, ಮೂತಿ ಹೊರಗೆ ಬರುವಂತೆ ಸಾಲಾಗಿ ಇಡುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಮೇಲೆ ಇದು ನಡೆಯಿತು. ಹೊರಗೆ ಬಂದವರನ್ನು ಚೇಷ್ಟೆ ಮಾಡುತ್ತಿದ್ದಳು. ಒಬ್ಬ ಹಿರಿಯರಿಗೆ, "ನಿಮ್ಮ ಚಪ್ಲಿ ಹಿಮ್ಮಡ ಪೂರಾ ಸವದಾವ್ರಿ ಕಾಕಾ. ಮೊಣಕಾಲೂ ಇಷ್ಟು ಸವದಿದ್ರ ಪ್ರಾರ್ಥನಾ ಮುಗಲಿಗಿ ಮುಟ್ತಿತ್ತು ನೋಡ್ರಿ" ಎಂದಳು. ಅವರೂ ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೋದರು.

ಆದರೆ ನನ್ನ ಮಗಳು ದೊಡ್ಡವಳಾಗಿ ಮೊದಲ ಸಲ ಸಂಸ್ಕಾರ ತೆಗೆದುಕೊಂಡ ದಿನ, ಅಕ್ಕ ಅವಳನ್ನು ಪಕ್ಕಕ್ಕೆ ಕರೆದು ಕೇಳಿದ್ದು ನನಗೆ ಕೇಳಿಸಿತು. "ರೊಟ್ಟಿ ಮನ್ಯಾಂದಿತ್ತೇನು, ಬೇಕರೀದಿತ್ತೇನು?"

"ಬೇಕರೀದು, ಅತ್ತಿ."

"ಮೆತ್ತಗಿತ್ತೇನು?"

ನಾನು ಚಪ್ಪಲಿ ಹುಡುಕುವ ನೆವದಲ್ಲಿ ದೂರ ಹೋದೆ. ಹುಡುಕುವುದು ಏನೂ ಇರಲಿಲ್ಲ. ಅಕ್ಕ ಅದನ್ನು ಎಲ್ಲಕ್ಕಿಂತ ಮುಂದೆ ಇಟ್ಟಿದ್ದಳು.

ನನಗೂ ಅಕ್ಷರ ಕಲಿಸು ಎಂದು ಅಕ್ಕ ಹಲವು ಸಲ ಕೇಳಿದ್ದಳು. ಕೆಲಸ ಇದೆ ಎನ್ನುತ್ತಿದ್ದೆ. ಕಲಿಸಿದ್ದು ನನ್ನ ಮಗಳು. ಐವತ್ತು ದಾಟಿದ ಅತ್ತೆಯನ್ನು ಮುಂದೆ ಕೂರಿಸಿಕೊಂಡು, ಸುವಾರ್ತೆಯ ಒಂದು ಸಣ್ಣ ಪುಸ್ತಕ ಇಟ್ಟು ಎರಡು ವರ್ಷ ಕಲಿಸಿದಳು. ಅಕ್ಕ ಬೆರಳಿಟ್ಟು, ಗಟ್ಟಿಯಾಗಿ, ಒಂದೊಂದೇ ಅಕ್ಷರ ಎತ್ತಿ ಇಟ್ಟ ಹಾಗೆ ಓದುತ್ತಿದ್ದಳು. ಆ ಸದ್ದು ಕೇಳಿದರೆ ನಾನು ಎದ್ದು ಕೆಲಸಕ್ಕೆ ಹೋಗುತ್ತಿದ್ದೆ.

ಗುಡಿಗೆ ಸುಣ್ಣ ಹಚ್ಚುವ ದಿನ ಅಲಮಾರಿಗೆ ಗೆದ್ದಲು ಹತ್ತಿದ್ದು ಕಂಡಿತು. ಒಳಗಿನ ರಿಜಿಸ್ಟರುಗಳನ್ನು ಅಕ್ಕನೇ ಹೊರಗೆ ಬಿಸಿಲಿಗೆ ಹರಡಿದಳು. ಗಾಳಿಗೆ ಹಾಳೆ ತಿರುಗಿತು. ಅಲ್ಲಿ ಬಿಳಿ ಗೆರೆ ಇದ್ದ ಅವಳ ಹೆಬ್ಬೆಟ್ಟು, ಅದರ ಮೇಲೆ ಅವಳಿಗೆ ಮೆಚ್ಚುಗೆಯಾದ ನನ್ನ ಅಕ್ಷರ.

ನಾನು ಕೆಲಸದ ಚಪ್ಪರದಲ್ಲಿ ಒಂದು ಗೋರಿಯ ಕಲ್ಲು ಕೆತ್ತುತ್ತಿದ್ದೆ. ಸುಣ್ಣದ ಕೈಯಲ್ಲೇ ಬಂದು ನಿಂತಳು.

"ಓದಿದೆ" ಎಂದಳು.

"ಏನಕ್ಕಾ?"

"ನೀ ಬರ್ದದ್ದು. ಇಷ್ಟು ವರ್ಷ ಆ ಕಮಿಟಿ ಮಂದಿಗಿ ಮನಸಿನ್ಯಾಗ ಬೈದೀನಲ್ಲೋ. ಅವರಿಗಿ ಖಾಲಿಪೀಲಿ ಬೈದೆ."

ನನ್ನ ಉಳಿ ಜಾರಿ ಕಲ್ಲಿನ ಪದರ ಎದ್ದು ಬಂತು. ತಲೆ ಎತ್ತಿ ನೋಡಿದಾಗ ಅವಳು ಹೋಗಿದ್ದಳು.

ಮೂರು ವಾರ ನಮ್ಮ ಮನೆಗೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕರೆ ಮುಖ ತಿರುಗಿಸಿದಳು. ಖೋಲಿಯಲ್ಲಿ ಅತ್ತಳು, ದೇವರ ಜೊತೆ ಜಗಳವಾಡಿದಳು ಎಂದು ಪಕ್ಕದ ಮುದುಕಿ ಆಮೇಲೆ ಹೇಳಿದಳು. ಅಕ್ಕ ಸಂತಳಲ್ಲ. ಅವಳಿಗೆ ನೋವಾಗುವುದಿಲ್ಲ ಎಂದು ಯಾರೂ ತಿಳಿಯಬಾರದು.

ನಾಲ್ಕನೆಯ ವಾರ ಬಂದಳು. ಬಗ್ಗಿ ನೆಲ ಬಾರಿಸಿದಳು. ಎದ್ದು, ಅದೇ ಗೆಣ್ಣಿನಿಂದ ನನ್ನ ಎದೆಯ ಮೇಲೆ ಎರಡು ಸಲ ಬಾರಿಸಿ ಕಿವಿಗೊಟ್ಟಳು.

"ಬದ್ದ್ ಅಂತದ" ಎಂದಳು.

ನಾನು ಕಾಲು ಹಿಡಿಯಲು ಹೋದೆ. ಬಿಡಲಿಲ್ಲ.

"ಕುಂದುರು. ಬಿರುಕು ಬಿಟ್ಟ ಫರ್ಸಿ ಖಣ್ಯಾಗ ಒಗೀತಾರೇನು? ಒಗಿಯಂಗಿಲ್ಲ. ನೆಲಕ್ಕ ಹಾಸ್ತಾರ. ಕೆಳಗ ಮಣ್ಣಿರ್ತದ, ತಾಳ್ಕೋತದ. ಛತ್ತಿಗಿ ಹಾಕಿದ್ರ ಮಾತ್ರ ಕೆಳಗಿದ್ದಾವ್ರು ಸಾಯ್ತಾರ. ನಾ ನಿನ್ನ ಛತ್ತಿಗಿ ಹಾಕಿದ್ದೆ ತಮ್ಮಾ. ಗಂಡನ್ನೂ ಹಾಕಿದ್ದೆ, ಹಿರೇರನ್ನೂ ಹಾಕಿದ್ದೆ. ಎಲ್ಲಾ ತಲೀ ಮ್ಯಾಲ ಬಿದ್ವು. ಈಗ ನನ್ನ ಛತ್ತು ಯೇಸು ಒಬ್ಬನೇ. ಅದು ಬೀಳಂಗಿಲ್ಲ, ಬಾರಿಸಿ ನೋಡೀನಿ. ಮೂರು ವಾರ ಬಾರಿಸೀನಿ. ನೀ ನೆಲದಾಗ ಇರು. ಬರ್ತೀನಿ, ಹೋಗ್ತೀನಿ, ನಿನ್ನ ಮನ್ಯಾಗ ಉಣ್ತೀನಿ."

"ಬರೋ ಐತವಾರ ಸಭೆ ಮುಂದ ಎಲ್ಲಾ ಹೇಳ್ತೀನಕ್ಕಾ."

"ಹೇಳಿದ್ರ ನಿನಗ ಚಲೋ. ನನಗಂತ ಹೇಳಬ್ಯಾಡ. ನಾ ನಿನ್ನ ಮಾತಿನ ಮ್ಯಾಲ ನಿಂತಿಲ್ಲ ಈಗ."

ನಾನು ಹೇಳಲಿಲ್ಲ. ಆ ಐತವಾರವೂ ಇಲ್ಲ, ಮುಂದಿನದೂ ಇಲ್ಲ. ಏಳು ವರ್ಷ ಹೇಳಲಿಲ್ಲ. ಅವಳೇ ಬೇಡ ಅಂದಳಲ್ಲ, ಅವಳಿಗೆ ದೇವರಿದ್ದಾನಲ್ಲ, ನನ್ನ ಮಾತಿನ ಗರಜು ಏನು ಎಂದುಕೊಂಡೆ. ಕಾಗದ ಬರೆದಾಗ ಹೆದರಿಕೆ ಇತ್ತು, ಮನೆಯಲ್ಲಿ ಹಾಲು ಕುಡಿಯುವ ಕೂಸು ಇತ್ತು. ಈ ಏಳು ವರ್ಷಕ್ಕೆ ಅಂಥ ಯಾವ ನೆವವೂ ಇಲ್ಲ. ಅಕ್ಕನ ಭರವಸೆಯನ್ನು ನಾನು ಹಾಸಿಗೆ ಮಾಡಿಕೊಂಡು ಮಲಗಿದೆ. ಮೊದಲನೆಯದು ಪಾಪ ಎಂದರೆ ಎರಡನೆಯದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

ಅವಳು ಮಾತ್ರ ಹೇಳಿದ ಹಾಗೆ ನಡೆದಳು. ಬಂದಳು, ಹೋದಳು, ಉಂಡಳು. ನನ್ನಿಂದ ಏನನ್ನೂ ಬಯಸಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗುತ್ತಿತ್ತು. ಮಗಳ ಲಗ್ನದಲ್ಲಿ ಹಂದರಕ್ಕೆ ಬಂದ ತನ್ನ ಗಂಡನಿಗೆ ಅಕ್ಕ ತಾನೇ ನೀರು ಕೊಟ್ಟಳು. ಆತ ತಂಬಿಗೆ ಹಿಡಿದು ತಲೆ ತಗ್ಗಿಸಿದ್ದ. "ಕುಡೀರಿ, ವಿಷ ಹಾಕಿಲ್ಲ. ಹಾಕೂದಿದ್ರ ಆವಾಗೇ ಹಾಕ್ತಿದ್ದೆ" ಎಂದು ಮುಂದಿನ ಸಾಲಿಗೆ ಹೋದಳು.

ಕಳೆದ ವರ್ಷ ಅವಳಿಗೆ ಉಸಿರು ಸಾಲದಾಯಿತು. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ನಮ್ಮ ಪಡಸಾಲೆಯಲ್ಲೇ ಮಂಚ ಹಾಕಿದೆವು. ಒಂದು ಮುಂಜಾನೆ ಹೊಸದಾಗಿ ಬಂದ ಸಭಾಪಾಲಕರು ಬಂದರು. ವಯಸ್ಸಿನಲ್ಲಿ ಸಣ್ಣವರು, ಹಳೆಯ ಸಂಗತಿ ತಿಳಿಯದವರು. ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಕೊಡಲೆಂದು ಒಂದು ಡಬ್ಬಿಯಲ್ಲಿ ರೊಟ್ಟಿ, ಸಣ್ಣ ಶೀಸೆಯಲ್ಲಿ ದ್ರಾಕ್ಷಾರಸ ತಂದಿದ್ದರು. ಡಬ್ಬಿಯನ್ನು ಕಂಡ ಅಕ್ಕ ಮೊಣಕೈ ಊರಿ ಎದ್ದು ಕೂತು, ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಜೊತೆಗಿದ್ದ ಹಿರಿಯರು ಮೆಲ್ಲಗೆ ಅಂದರು: "ಪಾಸ್ಟರ್, ಜರಾ ತಡೀರಿ. ಇವರ ಹೆಸರು ರಿಜಿಸ್ಟರದಾಗ ಬ್ಯಾರೆ ಅದ. ಗಂಡನ್ನ ಬಿಟ್ಟು ಬಂದಾರಂತ."

ಸಭಾಪಾಲಕರು ನನ್ನ ಕಡೆ ತಿರುಗಿದರು. "ನೀವು ತಮ್ಮ ಅಲ್ರಿ? ಏನದು, ಖರೆ ಏನ್ರಿ?"

ಒಂದು ಮಾತು. ಅಲ್ಲರೀ, ಅದನ್ನು ನಾನು ಬರೆದೆ ಎಂಬ ಒಂದು ಮಾತು. ಅಕ್ಕ ನನ್ನನ್ನು ನೋಡಲಿಲ್ಲ. ಡಬ್ಬಿಯನ್ನು ನೋಡುತ್ತಿದ್ದಳು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಹಳೀ ಮಾತು ಪಾಸ್ಟರ್" ಎಂದೆ. "ನನಗ ಬರೋಬ್ಬರಿ ನೆನಪಿಲ್ರಿ."

"ಹಂಗಾದ್ರ ಕಮಿಟಿಗಿ ಕೇಳಿ ಬರ್ತೀನಮ್ಮಾ" ಎಂದು ಅವರು ಡಬ್ಬಿ ಮುಚ್ಚಿದರು. ಅವರಿಗೂ ಸಂಕಟವಾದದ್ದು ಕಂಡಿತು.

"ಆಗ್ಲಿ ಪಾಸ್ಟರ್. ಗಡಬಡಿ ಇಲ್ಲ" ಎಂದಳು ಅಕ್ಕ. ಅವರು ಹೋದ ಮೇಲೆ ಬಹಳ ಹೊತ್ತು ಕೆಮ್ಮಿದಳು. ಆಮೇಲೆ ನನ್ನ ಹೆಂಡತಿಯಿಂದ ಒಂದು ಜೋಳದ ರೊಟ್ಟಿ ಕೇಳಿ ತರಿಸಿದಳು. ಹಿಂದಿನ ದಿನದ್ದು, ಒಣಗಿ ಕಟಿಯಾಗಿತ್ತು. ಕಣ್ಣು ಮುಚ್ಚಿ ತುಟಿ ಅಲುಗಿಸಿ, ಎರಡು ತುಂಡು ಮಾಡಿ, ಒಂದನ್ನು ನನ್ನ ಕಡೆ ಚಾಚಿದಳು.

"ಇದು ಸಂಸ್ಕಾರ ಅಲ್ಲ. ನಾ ಪಾಸ್ಟರ್ ಅಲ್ಲ. ಬರೇ ರೊಟ್ಟಿ. ಆದ್ರ ಒಬ್ಬಾಕೀನೇ ತಿನ್ನಬಾರ್ದು."

"ನನಗ ಕೊಡಬ್ಯಾಡಕ್ಕಾ."

"ಯೇಸುನ ಕಡೀ ರಾತ್ರಿ ಊಟಕ್ಕ ಯಾರ್ಯಾರು ಕುಂತಿದ್ರು, ಓದೀನಿ ಈಗ. ಹಿಡದು ಕೊಟ್ಟಾವನೂ ಕುಂತಿದ್ದ, ನನಗ ಗೊತ್ತಿಲ್ಲ ಅಂದಾವನೂ ಕುಂತಿದ್ದ. ಆತ ಯಾರಿಗೂ ಏಳು ಅನ್ನಲಿಲ್ಲ. ತಗೋ. ನನಕಿಂತ ನಿನಗ ಹೆಚ್ಚು ಬೇಕಾಗ್ತದ."

ತೆಗೆದುಕೊಂಡೆ. ಅಗಿದೆ. ಅಕ್ಕನೇ ನೀರು ಕೊಟ್ಟಳು.

ಮೂರನೆಯ ದಿನ ಅವಳು ಹೋದಳು. ಕಮಿಟಿ ಇನ್ನೂ ಕೂಡಿರಲಿಲ್ಲ.

ಮಣ್ಣು ಕೊಟ್ಟ ಮುಂದಿನ ಐತವಾರ ನಾನು ಆರಾಧನೆಯ ನಡುವೆ ಎದ್ದು ನಿಂತೆ. ಕಾಗದದಲ್ಲಿ ಏನಿತ್ತು, ಏನು ಓದಿದೆ, ಎಲ್ಲ ಹೇಳಿದೆ. ಯಾರೂ ಬೈಯಲಿಲ್ಲ. ಮಂಚದ ಹತ್ತಿರ ನಿಂತಿದ್ದ ಆ ಹಿರಿಯರು, "ಈಗ ಹೇಳಿ ಏನು ಉಪಯೋಗ? ಸತ್ತಾವ್ರಿಗಿ ತಟ್ಟೆ ಒಯ್ದು ಕೊಡ್ಲಿಕ್ಕಿ ಬರ್ತದೇನು?" ಎಂದರು. ಖರೆ ಮಾತು. ಸಭಾಪಾಲಕರು ರಿಜಿಸ್ಟರ್ ತೆಗೆದು ಆ ಕಾಗದದ ಮೇಲೆ ಕೆಂಪು ಮಸಿಯಲ್ಲಿ ಅಡ್ಡ ಗೆರೆ ಎಳೆದರು. ಅಷ್ಟೇ ಆಯಿತು. ಹೊರಗೆ ಬಂದಾಗ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು: "ಆ ದಿನ ನಮ್ಮಪ್ಪ ಬಂದಾಗ ನನಗ ಒಂದು ಮಾತು ಕೇಳಿದ್ರೇನ್ರಿ ನೀವು?"

"ಇಲ್ಲ."

"ಕೇಳಿದ್ರ ನಾ ಹೋಗಂಗಿಲ್ಲ ಅಂತಿದ್ದೆ. ವೈನೀನ್ನ ಬಿಟ್ಟು ಕೊಡಬ್ಯಾಡ್ರಿ ಅಂತಿದ್ದೆ. ಪಾಸ್ಟರ್ ಬಂದಾಗ ನೀವು ಬಾಯಿ ತೆಗೀತೀರಂತ ಕಾದು ನಿಂತಿದ್ದೆ. ನಾನೂ ತೆಗೀಲಿಲ್ಲ, ಅದು ನನ್ನ ಪಾಪ." ಇಷ್ಟು ವರ್ಷ ಯಾರ ಸಲುವಾಗಿ ಸುಳ್ಳು ಹೇಳಿದೆ ಎಂದುಕೊಂಡಿದ್ದೆನೋ, ಅವಳು ಅದನ್ನು ಕೇಳಿರಲೇ ಇಲ್ಲ.

ಅಕ್ಕನ ಗೋರಿಗೆ ಕಲ್ಲು ಆರಿಸಲು ಇಡೀ ಒಂದು ದಿನ ತೆಗೆದುಕೊಂಡೆ. ಬಾರಿಸಿ ಬಾರಿಸಿ ಗೆಣ್ಣು ಸುಲಿಯಿತು. ಗಂಟೆಯ ಹಾಗೆ ನುಡಿದದ್ದನ್ನು ತಂದು ಅವಳ ಹೆಸರು ಕೆತ್ತಿದೆ. ಹೆಸರಿನ ಕೆಳಗೆ, ಕಲ್ಲು ಹಾಕಿಸಿದವರ ಹೆಸರು ಬರುವುದು ನಮ್ಮ ಕಡೆಯ ರೂಢಿ. ಪ್ರೀತಿಯ ತಮ್ಮ ಎಂದು ಬರೆಯಲು ಎಲ್ಲರೂ ಹೇಳಿದರು. ಆ ಜಾಗವನ್ನು ಖಾಲಿ ಬಿಟ್ಟೆ.

ಚಪ್ಪರದ ಮೂಲೆಯಲ್ಲಿ ಒಂದು ಫರ್ಸಿ ಬಹಳ ದಿನದಿಂದ ಬಿದ್ದಿತ್ತು. ನುಣುಪಾಗಿ ಚೆಂದ ಇತ್ತು, ಬಾರಿಸಿದರೆ ಬದ್ದ್ ಎನ್ನುತ್ತಿತ್ತು. ಅದರ ಮೇಲೆ ನನ್ನ ಹೆಸರು ಕೆತ್ತಿ, ಗೋರಿಯ ಮುಂದೆ, ನಿಂತು ಪ್ರಾರ್ಥನೆ ಮಾಡುವ ಜಾಗದಲ್ಲಿ ನೆಲಕ್ಕೆ ಹಾಸಿದೆ. ಬಂದವರು ಅದರ ಮೇಲೆ ಕಾಲಿಟ್ಟು ನಿಂತು ಅಕ್ಕನ ಹೆಸರು ಓದುತ್ತಾರೆ. ಕೆಳಗೆ ಮಣ್ಣಿದೆ. ಇಲ್ಲಿಯವರೆಗೆ ತಾಳಿದೆ.